ಎಂಟು ತಿಂಗಳು ಎಲ್ಲವನ್ನೂ ಅಳೆದೆ, ಬದಲಾಗಿದ್ದು ಒಂದೇ. ನಿಮ್ಮ ಕಥೆ ಏನು?

ರೈಲ್ವೆ ಪಾಸ್ (ಸರಸ್ವತಿಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವಿದ್ದಾಗ ಓದಿ.

ಮನೆ ಮೈಸೂರು, ಕೆಲಸ ಮಂಡ್ಯ. ಹನ್ನೊಂದು ವರ್ಷದಿಂದ ರೈಲಿನಲ್ಲೇ ಓಡಾಟ. ಕಳೆದ ವರ್ಷ ಆಫೀಸಿನವರೆಲ್ಲ ರಕ್ತ ಪರೀಕ್ಷೆ ಮಾಡಿಸುವಾಗ ನಾನೂ ಕೈ ಚಾಚಿದೆ. ಎರಡು ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ಹೇಳುವ ಎಚ್‌ಬಿಎ1ಸಿ 6.1 ಬಂತು. "ಇನ್ನೂ ಶುಗರ್ ಅಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದ್ದೀರಿ" ಅಂದರು ಡಾಕ್ಟರು. ಮನೆಗೆ ಬಂದವನೇ ಮೊದಲು ಮಾಡಿದ ಕೆಲಸ ಸ್ಮಾರ್ಟ್ ವಾಚ್ ತರಿಸಿದ್ದು. ಜೊತೆಗೆ ಫೋನಿಗೆ ಎರಡು ಆ್ಯಪ್. ಒಂದು ಊಟದ ಲೆಕ್ಕಕ್ಕೆ, ಇನ್ನೊಂದು ನೀರು ಕುಡಿಯೋದಕ್ಕೆ. ಹೆಜ್ಜೆ, ನಿದ್ದೆ, ನಾಡಿ ಎಲ್ಲ ವಾಚೇ ನೋಡಿಕೊಳ್ಳುತ್ತಿತ್ತು.

ಎಂಟು ತಿಂಗಳ ವರದಿ ಹೀಗಿದೆ. ಊಟದ ಆ್ಯಪ್ ಹತ್ತೊಂಬತ್ತು ದಿನ ಬಾಳಿತು. ಬಸ್ಸಾರು ಅಂತ ಹಾಕಿದರೆ ಅದಕ್ಕೆ ಗೊತ್ತಿಲ್ಲ. ಮಸ್ಸೊಪ್ಪು ಅಂದರೆ ಯಾವುದೋ ಸಲಾಡ್ ತೋರಿಸುತ್ತದೆ. ಇಡ್ಲಿ ಎಷ್ಟು ಗ್ರಾಂ ಅಂತ ಕೇಳುತ್ತದೆ. ನಮ್ಮಮ್ಮನ ಇಡ್ಲಿಗೂ ಸ್ಟೇಷನ್ ಹತ್ತಿರದ ಇಡ್ಲಿಗೂ ಅಜಗಜಾಂತರ, ಯಾವುದನ್ನು ತೂಗೋದು? ನೀರಿನ ಆ್ಯಪ್ ಮೀಟಿಂಗಿನ ಮಧ್ಯೆ ಗುಳುಗುಳು ಅಂತ ಸದ್ದು ಮಾಡಿತು, ಅವತ್ತೇ ಕಿತ್ತು ಹಾಕಿದೆ. ಹೆಜ್ಜೆ ಮೊದಲ ತಿಂಗಳು ದಿನಕ್ಕೆ 9,000 ದಾಟಿತ್ತು. ಸಂಜೆ ಮಂಡ್ಯ ಪ್ಲಾಟ್‌ಫಾರಂನಲ್ಲಿ ಆ ಕಡೆಯಿಂದ ಈ ಕಡೆ ಗಾಣದ ಎತ್ತಿನ ಹಾಗೆ ತಿರುಗಿದ್ದೇನೆ. ನಾಲ್ಕನೇ ತಿಂಗಳಿಗೆ ಮತ್ತೆ 5,000. ಈಗ ನೋಡೋದೇ ಇಲ್ಲ.

ಬದಲಾಗಿದ್ದು ಟೀ. ಅದೂ ವಾಚಿನಿಂದ ಅಲ್ಲ.

ನಮ್ಮ ಅಡುಗೆಮನೆ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ. ನನ್ನ ಹೆಂಡತಿ ಅದರಲ್ಲಿ ಹಾಲಿನ ಲೆಕ್ಕ ಬರೀತಾಳೆ. ಅರ್ಧ ಲೀಟರ್ ಜಾಸ್ತಿ ತಗೊಂಡರೆ ಒಂದು ಗೀಟು, ಹಾಲು ಬೇಡ ಅಂದ ದಿನ ಒಂದು ಸೊನ್ನೆ. ಒಂದು ದಿನ ಸುಮ್ನೆ ಅದೇ ಚೌಕದಲ್ಲಿ ನಾನು ಕುಡಿದ ಪ್ರತಿ ಟೀಗೆ ನೀಲಿ ಪೆನ್ನಿನಲ್ಲಿ ಒಂದು ಚುಕ್ಕೆ ಇಡೋಕೆ ಶುರು ಮಾಡಿದೆ. ಹೊರಗೆ ಕುಡಿದಿದ್ದನ್ನು ರೈಲ್ವೆ ಪಾಸಿನ ಕವರಿನಲ್ಲಿದ್ದ ಚೀಟಿಯ ಮೇಲೆ ಗುರುತು ಹಾಕಿಕೊಂಡು ರಾತ್ರಿ ಇಳಿಸುತ್ತಿದ್ದೆ. ದಿನಕ್ಕೆ ಮೂರು ಟೀ ಕುಡಿಯುವವನು ಅಂತ ನಾನು ನಂಬಿದ್ದೆ. ಮೊದಲ ವಾರ 43 ಚುಕ್ಕೆ!

ಚೀಟಿ ನೋಡಿದರೆ ಇನ್ನೊಂದು ವಿಷಯ. ಅದರಲ್ಲಿ ಹನ್ನೆರಡು ಟೀ ಸಂಜೆ ರೈಲಿಗೆ ಕಾಯುವಾಗಿನವು. ಬೇಕು ಅಂತ ಕುಡಿದದ್ದಲ್ಲ. ರೈಲು ಲೇಟು, ಜೊತೆಗಾರರು ನಿಂತಿದ್ದಾರೆ, ಕೈ ಖಾಲಿ ಇದೆ, ಅಷ್ಟೇ. ಈಗ ಆ ಹೊತ್ತಿಗೆ ಹುರಿಗಡಲೆ ಪೊಟ್ಟಣ ಹಿಡಿದುಕೊಂಡು ನಿಲ್ಲುತ್ತೇನೆ. ಟೀ ದಿನಕ್ಕೆ ಎರಡು ಮೂರಕ್ಕೆ ಬಂದಿದೆ.

ನನ್ನ ಪ್ರಶ್ನೆ: ಸಾವಿರಾರು ರೂಪಾಯಿಯ ವಾಚಿಗೆ ಆಗದ ಕೆಲಸ ಐದು ರೂಪಾಯಿ ಪೆನ್ನಿಗೆ ಹೇಗಾಯಿತು? ನಿಮ್ಮಲ್ಲಿ ಯಾರಿಗಾದರೂ ವಾಚು, ಆ್ಯಪ್‌ನಿಂದ ನಿಜವಾಗಿ ಅಭ್ಯಾಸ ಬದಲಾಗಿದೆಯಾ?

ಲೆಕ್ಕದ ಅಕ್ಕ (ಕುವೆಂಪುನಗರ)

ವಾಚು ನೀವು ನೋಡದೇ ಇದ್ದಾಗಲೂ ಎಣಿಸುತ್ತದೆ. ಚುಕ್ಕೆ ಇಡಬೇಕಾದರೆ ನೀವೇ ಇಡಬೇಕು. ಉತ್ತರ ಅಲ್ಲೇ ಇದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಉತ್ತರ ಕಾಪಿ ಹೊಡೆದ ಹುಡುಗನಿಗೂ, ಲೆಕ್ಕ ತಪ್ಪಾದರೂ ತಾನೇ ಮಾಡಿದ ಹುಡುಗನಿಗೂ ಇರುವ ವ್ಯತ್ಯಾಸ ಇದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಮಾಡಿ, ಒಂದು ಪುಟ್ಟ ಪುಸ್ತಕದಲ್ಲಿ ವಾರದ ಏಳು ದಿನಕ್ಕೆ ಗೆರೆ ಎಳೆದು, ತಪ್ಪಿದಾಗೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ಅದು ಹದಿನೆಂಟನೇ ಶತಮಾನ. ನಿಮ್ಮ ಟೀ ಚುಕ್ಕೆಗೆ ದೊಡ್ಡ ಮನೆತನವೇ ಇದೆ!

ಇನ್ನು ವಾಚುಗಳು ದಿನದ ಗುರಿ ಅಂತ ಕೊಡುವ 10,000 ಹೆಜ್ಜೆ. ಅದು ವೈದ್ಯರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯಿತಲ್ಲ, ಆ ಹುರುಪಿನಲ್ಲಿ 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಕಟ್ಟುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್‌ಪೊಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೇಳೋಕೆ ಚೆಂದ ಅಂತ ಇಟ್ಟ ಹೆಸರು ಇವತ್ತು ನಮ್ಮೆಲ್ಲರ ಕೈಗೆ ಗುರಿಯಾಗಿ ಕೂತಿದೆ. ನೀವು ಪ್ಲಾಟ್‌ಫಾರಂನಲ್ಲಿ ಗಾಣದ ಎತ್ತಿನ ಹಾಗೆ ತಿರುಗಿದ್ದು ಒಂದು ಜಾಹೀರಾತಿಗೆ, ಸಾರ್.

ಎರಡು ಮುದ್ದೆ (ಮಂಡ್ಯ)

ಅಕ್ಕ, ಪೆನ್ನಿನ ಪಕ್ಷ ವಹಿಸಿಬಿಟ್ಟಿರಿ. ನಾನು ಯಂತ್ರದ ಪರ ಎರಡು ಮಾತು ಹೇಳುತ್ತೇನೆ.

ನನಗೆ ಆರು ವರ್ಷದಿಂದ ಶುಗರ್ ಇದೆ. ಹೋದ ಬೇಸಿಗೆಯಲ್ಲಿ ಡಾಕ್ಟರು ತೋಳಿನ ಹಿಂಭಾಗಕ್ಕೆ ಹಚ್ಚುವ ಸೆನ್ಸರ್ ಹಾಕಿಸಿದರು. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಹದಿನಾಲ್ಕು ದಿನ ಇರುತ್ತದೆ. ಕೂದಲಿನಂಥ ಎಳೆ ಚರ್ಮದ ಒಳಗೆ ಹೋಗಿರುತ್ತದೆ. ಅದು ಅಳೆಯೋದು ರಕ್ತದ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಿನ ದ್ರವದ ಸಕ್ಕರೆಯನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಓಡುತ್ತದೆ.

ನಾವು ಮುದ್ದೆ ಮಂದಿ. ರಾಗಿ ತಿಂದವನು ನಿರೋಗಿ ಅನ್ನೋದನ್ನ ನಾನು ಶಾಸನ ಅಂದುಕೊಂಡಿದ್ದೆ. ಅನ್ನ ಬಿಟ್ಟಿದ್ದೇನೆ, ಮುದ್ದೆ ಎಷ್ಟಾದರೂ ಇರಲಿ ಅಂತ ಮಧ್ಯಾಹ್ನ ಎರಡು ಮುದ್ದೆ ಬಾರಿಸುತ್ತಿದ್ದೆ. ನಮ್ಮ ಮನೆ ಮುದ್ದೆ ಅಂದರೆ ಕ್ರಿಕೆಟ್ ಚೆಂಡಲ್ಲ, ಸಣ್ಣ ತೆಂಗಿನಕಾಯಿ. ಸೆನ್ಸರ್ ಹಾಕಿದ ಎರಡನೇ ದಿನ ಉಣ್ಣುವ ಮೊದಲು 128 ಇತ್ತು. ಉಂಡು ಒಂದು ಗಂಟೆಗೆ 231. ಫೋನಿನಲ್ಲಿ ಗೆರೆ ಬೆಟ್ಟ ಹತ್ತಿದ ಹಾಗೆ ಏರೋದು ಕಣ್ಣಾರೆ ಕಂಡೆ. ಮರುದಿನ ಒಂದೇ ಮುದ್ದೆ, ಜೊತೆಗೆ ಎರಡು ಸೌಟು ಸೊಪ್ಪಿನ ಪಲ್ಯ, ಮೊಳಕೆ ಹುರುಳಿಕಾಳು ಸಾರು. 182. ಅದರ ಮರುದಿನ ಅದೇ ಊಟ, ಆದರೆ ಕೈ ತೊಳೆದವನೇ ಗದ್ದೆ ಬದುವಿನ ಮೇಲೆ ಕಾಲುವೆ ತನಕ ಹೋಗಿ ಬಂದೆ, ಇಪ್ಪತ್ತು ನಿಮಿಷ. 164.

ಇದನ್ನ ಯಾವ ಪೆನ್ನು ಹೇಳುತ್ತಿತ್ತು, ಹೇಳಿ? ಡಾಕ್ಟರು ಆರು ವರ್ಷದಿಂದ "ಊಟ ಆದಮೇಲೆ ನಡೀರಿ" ಅಂತಿದ್ದರು. ಕಿವಿ ಕೇಳಿತ್ತು, ಕಣ್ಣು ನೋಡಿರಲಿಲ್ಲ.

ಹಾಗಂತ ಎಡವಟ್ಟು ಇಲ್ಲ ಅಂತಲ್ಲ. ಐದನೇ ರಾತ್ರಿ ಮೂರು ಗಂಟೆಗೆ ಫೋನ್ ಕೂಗಿಕೊಂಡಿತು, ಶುಗರ್ 54 ಅಂತ. ಅವ್ವ ಎದ್ದು ಓಡಿ ಬಂದು, ನಿದ್ದೆಗಣ್ಣಲ್ಲಿ ಇದ್ದವನ ಬಾಯಿಗೆ ಬೆಲ್ಲದಚ್ಚು ತುರುಕಿಬಿಟ್ಟರು. ಆಲೆಮನೆಯಿಂದ ತಂದ ಬೆಲ್ಲ, ಒಂದು ಅಚ್ಚು! ಆಮೇಲೆ ಬೆರಳು ಚುಚ್ಚಿ ನೋಡಿದರೆ 190. ವಿಷಯ ಏನಪ್ಪಾ ಅಂದರೆ, ನಾನು ಸೆನ್ಸರ್ ಇರುವ ಮಗ್ಗುಲಿಗೆ ಮಲಗಿದ್ದೆ. ತೋಳು ಒತ್ತಿದರೆ ಅದು ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದಂತೆ. ಸೆನ್ಸರ್ ಹಾಕಿಸಿಕೊಳ್ಳುವವರು ಈ ಮಾತು ಮನೆಯವರಿಗೂ ಹೇಳಿಡಿ. ಸಂಶಯ ಬಂದರೆ ಮೊದಲು ಬೆರಳು ಚುಚ್ಚಿ ನೋಡಿ.

ರೈಲ್ವೆ ಪಾಸ್

ಅಣ್ಣ, ಬೆಲ್ಲದಚ್ಚಿನ ಕಥೆ ಓದಿ ಎಲಿಯೂರು ದಾಟೋವರೆಗೂ ಒಬ್ಬನೇ ನಗುತ್ತಿದ್ದೆ, ಎದುರು ಸೀಟಿನವರು ವಿಚಿತ್ರವಾಗಿ ನೋಡಿದರು. ಹದಿನಾಲ್ಕು ದಿನ ಮುಗಿದ ಮೇಲೆ ಇನ್ನೊಂದು ಹಾಕಿಸಿದಿರಾ?

ಎರಡು ಮುದ್ದೆ

ಇಲ್ಲ. ದುಡ್ಡು ಜಾಸ್ತಿ. ಅಲ್ಲದೆ ನೋಡಬೇಕಾದ್ದು ನೋಡಿ ಆಗಿತ್ತು. ಈಗ ಒಂದು ಮುದ್ದೆ, ಕಾಲುವೆ ತನಕ ನಡಿಗೆ. ಹೆಸರು ಮಾತ್ರ ಬದಲಿಸಿಲ್ಲ.

ಅಡುಗೆಮನೆ ಎಕ್ಸ್‌ಪ್ರೆಸ್ (ವಿದ್ಯಾರಣ್ಯಪುರಂ)

ನಂದೊಂದು ದೂರು ಇದೆ.

ನಮ್ಮನೆಯವರೂ ನಾನೂ ಒಂದೇ ಥರದ ವಾಚ್ ಕಟ್ಟಿದ್ದೇವೆ. ರಾತ್ರಿ ಊಟದ ಹೊತ್ತಿಗೆ ಅವರು ಮಣಿಕಟ್ಟು ತಿರುಗಿಸಿ "ನಂದು 8,400, ನಿಂದು?" ಅಂತಾರೆ. ನಂದು 3,100. ಬೆಳಿಗ್ಗೆ ಐದೂವರೆಯಿಂದ ನಿಂತ ಕಾಲಲ್ಲಿ ಇರುವವಳು ನಾನು. "ಮನೇಲೇ ಇರ್ತೀಯಲ್ಲ, ಸ್ವಲ್ಪ ಓಡಾಡು" ಅನ್ನೋ ಬುದ್ಧಿಮಾತು ಬೇರೆ.

ನನಗೂ ಹಟ ಬಂತು. ಒಂದು ಭಾನುವಾರ ಪರೀಕ್ಷೆ ಮಾಡಿದೆ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು, ವಾಚ್ ಇರುವ ಕೈಯಿಂದ ಅವಳನ್ನು ಹಿಡಿದು, ನಡುಮನೆಯಿಂದ ಹಿತ್ತಿಲಿಗೆ ಬಾಯಲ್ಲಿ ಎಣಿಸುತ್ತಾ 200 ಹೆಜ್ಜೆ ನಡೆದೆ. ವಾಚು 31 ಅಂತು. ಆಮೇಲೆ ಒಂದೇ ಕಡೆ ನಿಂತು ಹದಿನೆಂಟು ಚಪಾತಿ ಲಟ್ಟಿಸಿದೆ. 140 ಹೆಜ್ಜೆ ಸೇರಿಸಿತು! ಅದಕ್ಕೆ ಗೊತ್ತಿರೋದು ಕೈ ಬೀಸೋದು ಮಾತ್ರ. ಬಕೆಟ್ ಹಿಡಿದ ಕೈ ಬೀಸಲ್ಲ, ಮಗು ಹಿಡಿದ ಕೈ ಬೀಸಲ್ಲ. ಇವರು ಸ್ಕೂಟರಿನಲ್ಲಿ ಗುಂಡಿ ಹಾರಿಸಿಕೊಂಡು ಬಂದರೆ ಅದಕ್ಕೂ ಹೆಜ್ಜೆ ಕೊಡುತ್ತದೆ.

ಫೋನನ್ನು ಜೇಬಿನಲ್ಲಿಟ್ಟುಕೊಂಡರೆ ಸರಿಯಾಗಿ ಎಣಿಸುತ್ತದೆ ಅಂತ ಯಾರೋ ಹೇಳಿದರು. ನೈಟಿಗೆ ಜೇಬು ಎಲ್ಲಿದೆ ಸ್ವಾಮಿ? ಟೈಲರ್ ಹತ್ತಿರ ಹೋಗಿ ನಾಲ್ಕು ನೈಟಿಗೂ ಜೇಬು ಹೊಲಿಸಿಕೊಂಡು ಬಂದೆ. ಈಗ 9,000ಕ್ಕೆ ಕಡಿಮೆ ಆಗಿದ್ದೇ ಇಲ್ಲ. ಮನೆಯವರು ಲೆಕ್ಕ ಕೇಳೋದು ನಿಲ್ಲಿಸಿದ್ದಾರೆ. ಅಭ್ಯಾಸ ಬದಲಾಯ್ತಾ ಅಂದರೆ ಬದಲಾಯ್ತು, ನಂದಲ್ಲ, ಅವರದು. ರಾತ್ರಿ ಪಾತ್ರೆ ಈಗ ಅವರದೇ.

ಲೆಕ್ಕದ ಅಕ್ಕ

ಶಭಾಷ್ ಕಣಮ್ಮಾ. ಇದಕ್ಕೆ ನೂರಕ್ಕೆ ನೂರು.

ಹೊಟ್ಟೆ ಕೇಳಿ ಊಟ (ಪಾಂಡವಪುರ)

ನಮ್ಮ ತಾತ ತೊಂಬತ್ತು ದಾಟಿ ಬದುಕಿದ. ವಾಚೂ ಇಲ್ಲ, ಆ್ಯಪೂ ಇಲ್ಲ. ಹಸಿದರೆ ಉಂಡ, ದಣಿದರೆ ಮಲಗಿದ. ಇದೆಲ್ಲ ದುಡ್ಡಿದ್ದವರ ಖಯಾಲಿ.

ಎರಡು ಮುದ್ದೆ

ನಿಮ್ಮ ತಾತ ದಿನಾ ಎಂಟು ಗಂಟೆ ಕಬ್ಬಿನ ಗದ್ದೆಯಲ್ಲಿ ಇದ್ದರಲ್ವಾ? ನಾವು ಎಂಟು ಗಂಟೆ ಕುರ್ಚಿಯಲ್ಲಿದ್ದೇವೆ. ಹೊಟ್ಟೆ ಕೇಳಿದ್ದೆಲ್ಲ ಕೊಟ್ಟೇ ನಾನು ಈ ಗತಿಗೆ ಬಂದಿದ್ದು.

ಬಿಳಿ ಕೋಟು (ಮೈಸೂರು)

ವೈದ್ಯನಾಗಿ ಒಂದೆರಡು ಮಾತು. ಇಲ್ಲಿ ಓದಿದ್ದನ್ನು ಚಿಕಿತ್ಸೆ ಅಂತ ತಗೋಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಪಾಸ್ ಸಾರ್ ಕೇಳಿದ ಪ್ರಶ್ನೆಗೆ ಹತ್ತಿರವಾದ ಒಂದು ಅಧ್ಯಯನ 2016ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಮಾಡಿದ್ದು. ತೂಕ ಜಾಸ್ತಿ ಇದ್ದ 471 ಯುವಜನರಿಗೆ ಮೊದಲ ಆರು ತಿಂಗಳು ಒಂದೇ ಥರದ ಆಹಾರ, ವ್ಯಾಯಾಮ, ಸಲಹೆ. ಆಮೇಲೆ ಒಂದು ಗುಂಪಿಗೆ ಮೈಮೇಲೆ ಧರಿಸುವ ಸಾಧನ ಕೊಟ್ಟರು. ಇನ್ನೊಂದು ಗುಂಪು ತಾವು ತಿಂದಿದ್ದು, ನಡೆದದ್ದು ತಾವೇ ವೆಬ್‌ಸೈಟಿನಲ್ಲಿ ಬರೆದುಕೊಂಡರು. ಎರಡು ವರ್ಷದ ಕೊನೆಗೆ ಸಾಧನದವರು ಸರಾಸರಿ 3.5 ಕಿಲೋ ಇಳಿದಿದ್ದರು. ಬರೆದುಕೊಂಡವರು 5.9 ಕಿಲೋ. ಒಂದೇ ಅಧ್ಯಯನ, ಇದನ್ನೇ ವೇದ ಅನ್ನಬೇಡಿ. ಆದರೆ ಅಕ್ಕ ಹೇಳಿದ ಮಾತಿಗೆ ಹೊಂದುತ್ತದೆ.

ಎರಡನೆಯದು ನಿದ್ದೆ. ಇತ್ತೀಚೆಗೆ ಬರುವವರಲ್ಲಿ ಕೆಲವರು "ಡಾಕ್ಟ್ರೇ, ನನಗೆ ಗಾಢ ನಿದ್ದೆ 40 ನಿಮಿಷ ಮಾತ್ರ" ಅಂತ ಫೋನ್ ಮುಂದಿಡುತ್ತಾರೆ. ಬೆಳಿಗ್ಗೆ ಎದ್ದಾಗ ಹೇಗಿತ್ತು ಅಂದರೆ "ಚೆನ್ನಾಗೇ ಇತ್ತು, ಆಮೇಲೆ ವಾಚ್ ನೋಡಿದೆ" ಅಂತಾರೆ. ಇದಕ್ಕೊಂದು ಹೆಸರೂ ಬಂದಿದೆ, ಆರ್ಥೋಸೋಮ್ನಿಯಾ. ಅಮೆರಿಕದ ನಿದ್ರಾ ತಜ್ಞರು 2017ರಲ್ಲಿ ಇಟ್ಟದ್ದು. ನಿದ್ದೆಯ ಅಂಕ ಚೆನ್ನಾಗಿ ಬರಬೇಕು ಅನ್ನುವ ಚಿಂತೆಗೇ ನಿದ್ದೆ ಕೆಡೋದು. ನಿದ್ದೆಯ ಹಂತಗಳನ್ನು ನಿಜವಾಗಿ ಅಳೆಯಬೇಕಾದರೆ ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆ ನೋಡಬೇಕು. ವಾಚು ಕೈಯ ಅಲುಗಾಟ, ನಾಡಿ ನೋಡಿ ಊಹೆ ಮಾಡುತ್ತದೆ.

ಮೂರನೆಯದು, ಎಚ್‌ಬಿಎ1ಸಿ ಪ್ರತಿ ತಿಂಗಳು ಮಾಡಿಸಿ ದುಡ್ಡು ಹಾಳು ಮಾಡಬೇಡಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಅದು ಎರಡು ಮೂರು ತಿಂಗಳ ಕಥೆಯನ್ನು ಒಟ್ಟಿಗೆ ಹೇಳುತ್ತದೆ. ಟೀ ಬಿಟ್ಟ ವಾರಕ್ಕೇ ಅದು ಇಳಿದುಬಿಡಲ್ಲ.

ರೈಲ್ವೆ ಪಾಸ್

ಡಾಕ್ಟ್ರೇ, ಆ ನಿದ್ದೆ ಕಾಯಿಲೆ ನನಗೂ ಇತ್ತು ಅನ್ಸುತ್ತೆ. ಒಂದು ದಿನ ಶ್ರೀರಂಗಪಟ್ಟಣ ಬರೋವರೆಗೂ ಚೆನ್ನಾಗೇ ಇದ್ದೆ. ಅಲ್ಲಿ ವಾಚ್ ನೋಡಿದೆ, ನಿದ್ದೆಗೆ 58 ಅಂಕ. ಮಂಡ್ಯದಲ್ಲಿ ಇಳಿಯುವಾಗ ಮೈಯೆಲ್ಲ ನೋವು! ಇನ್ನೊಂದು ಪ್ರಶ್ನೆ. ಅಭ್ಯಾಸಕ್ಕೆ 21 ದಿನ ಸಾಕು ಅಂತಾರಲ್ಲ, ನಿಜಾನಾ?

ಬಿಳಿ ಕೋಟು

21ಕ್ಕೆ ಆಧಾರ ಗಟ್ಟಿ ಇಲ್ಲ. ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು. ಆದರೆ ಅಂದಾಜು 18ರಿಂದ 254 ದಿನದ ತನಕ ಹರಡಿತ್ತು. ಊಟದ ಜೊತೆ ಒಂದು ಲೋಟ ನೀರು ಕುಡಿಯೋದು ಬೇಗ ಕೂರುತ್ತದೆ, ವ್ಯಾಯಾಮ ತಡ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗಲ್ಲ ಅಂತಲೂ ಅದರಲ್ಲಿ ಕಂಡಿತ್ತು. ಆ್ಯಪ್‌ಗಳು ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಗೆ ಇಳಿಸಿ ಜನರ ಉತ್ಸಾಹ ಕೆಡಿಸುತ್ತವೆ, ಅದು ನನಗೆ ಸರಿ ಕಾಣಲ್ಲ.

ಕೆರೆ ಏರಿ (ಜಯಲಕ್ಷ್ಮೀಪುರಂ)

ವಾಚಿನ ಪರ ಇನ್ನೊಂದು ಮತ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು, ಸುಮಾರು ನಾಲ್ಕೂವರೆ ಕಿಲೋಮೀಟರ್. ಹೆಜ್ಜೆ ನಾನು ನೋಡಲ್ಲ, ಕೆರೆ ಎಷ್ಟಿದೆಯೋ ಅಷ್ಟು. ಆದರೆ ಸುಮ್ಮನೆ ಕೂತಾಗಿನ ನಾಡಿ ನೋಡುತ್ತೇನೆ. ನಂದು ಯಾವಾಗಲೂ 60ರ ಆಸುಪಾಸು. ಹೋದ ಮಳೆಗಾಲ ಎರಡು ದಿನ 74, 76 ತೋರಿಸಿತು. ಪಟ್ಟಿ ಸಡಿಲ ಇರಬೇಕು ಅಂದುಕೊಂಡೆ. ಅದರ ಕೆಳಗಿನ ಹಸಿರು ಬೆಳಕನ್ನು ರಕ್ತ ಎಷ್ಟು ಹೀರುತ್ತದೆ ಅನ್ನೋದರ ಮೇಲೆ ನಾಡಿ ಎಣಿಸೋದು, ಪಟ್ಟಿ ಸಡಿಲ ಇದ್ದರೆ ತಪ್ಪಾಗುತ್ತದೆ. ಬಿಗಿ ಮಾಡಿದೆ, ಆದರೂ ಅಷ್ಟೇ. ಮೂರನೇ ದಿನ ಜ್ವರ ಹಿಡಿಯಿತು. ಕಾಯಿಲೆ ಯಾವುದು ಅಂತ ಅದು ಹೇಳಲ್ಲ, ಏನೋ ಸರಿ ಇಲ್ಲ ಅಂತ ಮಾತ್ರ.

ಇನ್ನು ಆಫೀಸುಗಳ ಹೆಜ್ಜೆ ಸ್ಪರ್ಧೆ! ನಾನು ಹಿಂದೆ ಇದ್ದ ಕಡೆ ಒಂದು ತಿಂಗಳು ನಡೆಸಿದರು. ಗೆದ್ದವರು ವಾಚನ್ನು ಕ್ರಿಕೆಟ್ ಕ್ಯಾಂಪಿಗೆ ಹೋಗುವ ಮಗನ ಕೈಗೆ ಕಟ್ಟುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಹುಡುಗ ಮಾತ್ರ ಒಳ್ಳೇ ಫಿಟ್ ಆಗಿದ್ದಾನೆ.

ಲಿಂಗಾಂಬುಧಿ

ವಾಚು, ಆ್ಯಪ್ ಹಾಕುವವರೆಲ್ಲ ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ನಮ್ಮ ವಾಕಿಂಗ್ ಗುಂಪಿನ ಮಹಿಳೆಯೊಬ್ಬರು ನಡೆದ ದಾರಿಯ ನಕ್ಷೆ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ದಿನಾ ಬೆಳಿಗ್ಗೆ 5:40ಕ್ಕೆ ಒಂದೇ ಗೇಟಿನಿಂದ ಹೊರಟು ಅದೇ ಗೇಟಿಗೆ ವಾಪಸ್. ಮನೆ ಯಾವುದು, ಯಾವಾಗ ಇರಲ್ಲ ಅಂತ ಊರಿಗೆಲ್ಲ ಸಾರಿದ ಹಾಗೆ. ಓಟ, ನಡಿಗೆ ದಾಖಲಿಸುವ ಸ್ಟ್ರಾವಾ ಆ್ಯಪ್‌ನವರು 2017ರ ಕೊನೆಗೆ ಬಿಟ್ಟ ಜಗತ್ತಿನ ನಕ್ಷೆಯಲ್ಲಿ ಓಡುತ್ತಿದ್ದ ಸೈನಿಕರಿಂದ ಸೇನಾ ನೆಲೆಗಳೇ ಬೆಳಗಿದ್ದವು, ನೆನಪಿದೆಯಾ? ನಕ್ಷೆ ನಿಮಗೆ ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳಿ, ಮನೆಯ ಸುತ್ತಮುತ್ತ ಮರೆಮಾಡಿ. ಆ್ಯಪ್ ಬಿಡುವಾಗ ಬರೀ ಕಿತ್ತುಹಾಕಬೇಡಿ, ಖಾತೆ ಅಳಿಸಿ. ಪಾಸ್ ಸಾರ್, ನಿಮ್ಮ ಹತ್ತೊಂಬತ್ತು ದಿನದ ಊಟ ಇನ್ನೂ ಎಲ್ಲೋ ಇದೆ.

ಲೆಕ್ಕದ ಅಕ್ಕ

ನನ್ನದನ್ನೂ ಹೇಳಿ ಮುಗಿಸುತ್ತೇನೆ. 2023ರಲ್ಲಿ ಗೃಹಜ್ಯೋತಿ ಬಂದಾಗ, ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ, 200 ದಾಟಿದರೆ ಪೂರ್ತಿ ಬಿಲ್ ಅಂದರಲ್ಲ, ನಮಗೆ ಸುಮಾರು 130 ಯೂನಿಟ್ ಬಂತು. ಅಲ್ಲಿಯವರೆಗೆ ಮೀಟರ್ ಎಲ್ಲಿದೆ ಅಂತಲೇ ನಮ್ಮನೆಯವರಿಗೆ ಗೊತ್ತಿರಲಿಲ್ಲ. ಈಗ ದಿನಾ ಬೆಳಿಗ್ಗೆ ಹಾಲು ತರೋಕೆ ಹೋದವರು ಮೀಟರ್ ಓದಿಕೊಂಡು ಬಂದು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೀತಾರೆ. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ನಾಲ್ಕು ಜನ ನಾಲ್ಕು ಹೊತ್ತಿಗೆ ಸ್ನಾನ ಮಾಡುತ್ತಿದ್ದೆವು. ಈಗ ಒಬ್ಬರ ಹಿಂದೆ ಒಬ್ಬರು, ಆಸ್ಪತ್ರೆ ಟೋಕನ್ ಥರ. ವಾರಕ್ಕೆ ಆರು ಯೂನಿಟ್ ಉಳಿಯಿತು, ಮನೆಯಲ್ಲಿ ಜಗಳ ಎರಡು ಜಾಸ್ತಿ ಆಯಿತು.

ರೈಲ್ವೆ ಪಾಸ್ (ಮೂರು ವಾರದ ನಂತರ)

ಎಲ್ಲರಿಗೂ ಧನ್ಯವಾದ. ವಾಚಿನಲ್ಲಿ ನಿದ್ದೆ ಲೆಕ್ಕ ಆಫ್ ಮಾಡಿದ್ದೇನೆ. ಊಟದ ಆ್ಯಪ್ ಖಾತೆ ಅಳಿಸಿದೆ, ಅಳಿಸುವ ಬಟನ್ ಹುಡುಕೋಕೆ ಅರ್ಧ ಗಂಟೆ ಹಿಡಿಯಿತು. ರಕ್ತ ಪರೀಕ್ಷೆಗೆ ಇನ್ನೂ ಒಂದೂವರೆ ತಿಂಗಳು ಇದೆ. ಈ ವಾರ ಹದಿನಾರೇ ಚುಕ್ಕೆ!

ಲೆಕ್ಕದ ಅಕ್ಕ

ಸಂತೋಷ ಸಾರ್. ಕಾಫಿಗೆ ಚುಕ್ಕೆ ಇಟ್ಟಿದ್ದೀರಾ?

ರೈಲ್ವೆ ಪಾಸ್

…

ಅಕ್ಕ, ನಿನ್ನೆ ನನ್ನ ಹೆಂಡತಿ ಕೂಡ "ಕಾಫಿಪುಡಿ ಈ ಸಲ ಹತ್ತು ದಿನ ಮೊದಲೇ ಖಾಲಿ ಆಯ್ತಲ್ಲ" ಅಂದಳು. ಕೇಳಿಸದ ಹಾಗೆ ಇದ್ದೆ. ಇವತ್ತು ಸ್ಟೇಷನ್ನಿಂದ ಬರುವಾಗ ಕೆಂಪು ಪೆನ್ನು ತಂದಿದ್ದೇನೆ.